ಖಾರ ಮುಗಿಯಿತವ್ವಾ

ಕಳೆದ ಏಳು ವರ್ಷಗಳಲ್ಲಿ ಅವ್ವನಿಗೆ ನಾನು ಹೇಳಿದ್ದು ಒಂದೇ ಸುಳ್ಳು, ಆದರೆ ಅದನ್ನು ವರ್ಷ ತಪ್ಪದೆ ಹೇಳಿದ್ದೇನೆ. ಶ್ರಾವಣ ಹತ್ತಿರವಾದಾಗ ಅಣ್ಣಿಗೇರಿಯಿಂದ ಫೋನು ಬರುತ್ತದೆ. ಮಳೆ, ಮೊಮ್ಮಗಳ ಶಾಲೆ, ಅಕ್ಕನ ಮಂಡಿನೋವು ಎಲ್ಲ ಮುಗಿದು ಇನ್ನೇನು ಫೋನು ಇಡಬೇಕು ಎನ್ನುವಾಗ ‘ಖಾರ ಎಷ್ಟಿದೆ?’ ಎಂದು ಕೇಳುತ್ತಾಳೆ. ‘ಮುಗಿಯಿತವ್ವಾ’ ಎನ್ನುತ್ತೇನೆ. ಆ ಹೊತ್ತಿಗೆ ಅವಳು ಬೇಸಿಗೆಯಲ್ಲಿ ಮಾಡಿ ಕೊಟ್ಟ ಆ ಮಸಾಲೆ ಖಾರದ ಪುಡಿ ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಗೋವಾದ ಮಡಗಾಂವಿನ ಕಸದ ಗಾಡಿ ಹತ್ತಿ ಹೋಗಿ ವಾರವಾಗಿರುತ್ತದೆ. ಅವ್ವನ ಲೆಕ್ಕವಾದರೋ ನೇರ. ಆಷಾಢದಲ್ಲೇ ಮುಗಿದಿದೆ ಎಂದರೆ ಸಾಲಲಿಲ್ಲ. ಸಾಲಲಿಲ್ಲ ಎಂದು ಮಗ ಸಂಕೋಚದಿಂದ ಹೇಳಲಿಲ್ಲ. ಹೀಗಾಗಿ ಮೊದಲ ವರ್ಷ ಎರಡು ಕಿಲೋ ಬಂದ ಖಾರ ಆಮೇಲೆ ಮೂರಾಯಿತು, ನಾಲ್ಕಾಯಿತು. ಕಳೆದ ಬೇಸಿಗೆಯಲ್ಲಿ ಐದು ಕಿಲೋ. ಮೂರು ಜನರ ಮನೆಗೆ ಐದು ಕಿಲೋ ಖಾರ! ನನ್ನ ಸುಳ್ಳು ಬಡ್ಡಿ ಸಮೇತ ವಾಪಸು ಬರುತ್ತಿತ್ತು.

ನಾಚಿಕೆಪಡಬೇಕಾದ ಸಂಗತಿ ಇನ್ನೊಂದಿದೆ. ನಾನು ಕೆಲಸ ಮಾಡುವುದು ವೆರ್ಣಾದ ಔಷಧ ಕಾರ್ಖಾನೆಯೊಂದರಲ್ಲಿ. ಗುಳಿಗೆಗಳು ಎಷ್ಟು ದಿನ ಕೆಡದೆ ಉಳಿಯುತ್ತವೆ ಎಂದು ನೋಡುವುದೇ ನಮ್ಮ ವಿಭಾಗದ ಕೆಲಸ. ಆಳೆತ್ತರದ ಕಪಾಟುಗಳ ಒಳಗೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 75ರಷ್ಟು ಆರ್ದ್ರತೆ ಕಾಯ್ದುಕೊಂಡು, ಗುಳಿಗೆಗಳನ್ನು ಅದರಲ್ಲಿ ಆರು ತಿಂಗಳು ಕೂರಿಸುತ್ತೇವೆ. ನಡುನಡುವೆ ತೆಗೆದು ಬಣ್ಣ ಮಾಸಿತೇ, ಮೆತ್ತಗಾಯಿತೇ, ಒಳಗಿನ ಔಷಧ ಎಷ್ಟು ಉಳಿದಿದೆ ಎಂದು ಬರೆದಿಡುತ್ತೇವೆ. ಹಗಲೆಲ್ಲ ತೇವದ ಲೆಕ್ಕ ಬರೆಯುವ ಮನುಷ್ಯನ ಅಡುಗೆಮನೆಯಲ್ಲಿ ಖಾರಕ್ಕೆ ಬೂಷ್ಟು. ನೆಂಟರು ಬಂದಾಗ ನನ್ನ ಹೆಂಡತಿ ಇದನ್ನು ತಪ್ಪದೆ ಹೇಳುತ್ತಾಳೆ.

ಕಿವಿಯ ಹತ್ತಿರ ಹಿಡಿದು

ಮಸಾಲೆ ಖಾರ ಎಂದರೆ ಬರೀ ಮೆಣಸಿನ ಪುಡಿಯಲ್ಲ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬಣ್ಣಕ್ಕೆ ಬ್ಯಾಡಗಿ, ಅದರಲ್ಲೂ ದಪ್ಪನೆಯ ‘ಡಬ್ಬಿ’, ಖಾರಕ್ಕೆ ಗುಂಟೂರು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದ್ದು ಅದಕ್ಕೆ ತದ್ವಿರುದ್ಧ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು ಎಂದು ನಾನು ಪತ್ರಿಕೆ ಓದಿ ಹೇಳಿದಾಗ ಅವ್ವ, ‘ಇಷ್ಟು ದಿನ ಯಾರಿಗೆ ಗೊತ್ತಿರಲಿಲ್ಲ?’ ಎಂದು ಕೇಳಿದ್ದಳು.

ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಏಪ್ರಿಲ್ ತಿಂಗಳ ರಜೆ. ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ ಮೆಣಸಿನಕಾಯಿ ಹರಡಿದ್ದರು. ನೋಡಿದರೆ ಕಣ್ಣು ಕುಕ್ಕುವ ಕೆಂಪು. ಮೂರು ಬಿಸಿಲು ಆದಮೇಲೆ ಅವ್ವ ಸಂಜೆ ಹೊತ್ತಿಗೆ ಮೇಲೆ ಬಂದು ರಾಶಿಯ ನಡುವಿನಿಂದ ಒಂದು ಕಾಯಿ ಎತ್ತಿಕೊಳ್ಳುತ್ತಿದ್ದಳು. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುವುದು. ಒಳಗೆ ಬೀಜ ಗಿಲಿಗಿಲಿ ಎನ್ನಬೇಕು. ಸದ್ದು ಬಂದರೆ ನಡುವೆ ಮುರಿಯುವುದು. ಟಪ್ ಎಂದು ಮುರಿದರೆ ಆಯಿತು. ಚರ್ಮದ ಹಾಗೆ ಬಾಗಿದರೆ ಇನ್ನೊಂದು ಬಿಸಿಲು. ಆ ವರ್ಷ ಈ ಕೆಲಸವನ್ನು ನನಗೆ ಒಪ್ಪಿಸಿದಳು. ನಾನು ನಾಲ್ಕು ಕಾಯಿ ಅಲ್ಲಾಡಿಸಿ, ಐದನೆಯದಕ್ಕೆ ಬೇಸತ್ತು, ಎಲ್ಲವನ್ನೂ ಚೀಲಕ್ಕೆ ತುಂಬಿಬಿಟ್ಟೆ. ಓಣಿಯಲ್ಲಿ ಗೋಲಿ ಆಟ ಕಾಯುತ್ತಿತ್ತು. ಕತ್ತಲಾಗುವ ಹೊತ್ತಿಗೆ ವಾಪಸು ಬಂದಾಗ ಅವ್ವ ಚೀಲದ ಬಾಯಿ ಬಿಚ್ಚಿ ಕುಳಿತಿದ್ದಳು. ಒಂದು ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಅವಳೂ ಏನೂ ಅನ್ನಲಿಲ್ಲ. ಚೀಲವನ್ನು ಎತ್ತಿಕೊಂಡು ಮೇಲೆ ಹೋಗಿ, ಚಿಮಣಿ ಬೆಳಕಿನಲ್ಲಿ, ಅಷ್ಟನ್ನೂ ಮತ್ತೆ ಧೋತರದ ಮೇಲೆ ಸುರಿದಳು. ಬೈದಿದ್ದರೆ ಈಗ ನೆನಪಿರುತ್ತಿರಲಿಲ್ಲ.

ಆಮೇಲಿನದ್ದು ನಿಮಗೆ ಗೊತ್ತಿರುವುದೇ: ತುಂಬು (ತೊಟ್ಟು) ಬಿಡಿಸುವುದು, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಲವಂಗ, ಚಕ್ಕೆ, ಕಲ್ಲುಹೂವು ಒಂದೊಂದನ್ನೂ ಬೇರೆಬೇರೆ ಹುರಿಯುವುದು, ಒಣಕೊಬ್ಬರಿ, ಬೆಳ್ಳುಳ್ಳಿ, ಓಣಿಯೆಲ್ಲ ಕೆಮ್ಮುವಂಥ ಘಾಟು. ಗಿರಣಿಯಿಂದ ಬಂದ ಖಾರ ಕೈ ಸುಡುವಷ್ಟು ಬಿಸಿ ಇರುತ್ತಿತ್ತು. ಅದನ್ನು ಬಟ್ಟೆಯ ಮೇಲೆ ರಾತ್ರಿಯಿಡೀ ಆರಿಸಿ, ಬೆಳಗ್ಗೆ ಭರಣಿಗೆ ಹಾಕಿ, ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿ, ನಡುನಡುವೆ ಗಟ್ಟಿ ಇಂಗಿನ ಹರಳು ಹುದುಗಿಸಿ, ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ದೊಡ್ಡ ಭರಣಿ ತೆರೆಯುವುದು ತಿಂಗಳಿಗೊಮ್ಮೆ ಮಾತ್ರ, ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ. ಹಸಿ ಕೈಯಲ್ಲಿ, ತಲೆಗೆ ಸ್ನಾನ ಮಾಡಿ ಕೂದಲಿನಿಂದ ನೀರು ತೊಟ್ಟಿಕ್ಕುವಾಗ ಯಾರೂ ಅದನ್ನು ಮುಟ್ಟುವಂತಿಲ್ಲ. ಇದೊಂದು ಮಡಿ ಎಂದು ನಾನು ಕಾಲೇಜಿನ ದಿನಗಳಲ್ಲಿ ಗೇಲಿ ಮಾಡುತ್ತಿದ್ದೆ. ಈಗ ಅದೇ ಮಾತನ್ನು ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಕೈಗವಸು ತೋರಿಸುತ್ತ ಹೇಳುತ್ತೇನೆ. ಅಷ್ಟಕ್ಕೇ ಖಾರ ಮುಂದಿನ ಯುಗಾದಿಯವರೆಗೂ ಬಿರುಸಾಗಿ, ಉದುರುದುರಾಗಿ ಇರುತ್ತಿತ್ತು.

ಕ್ಯಾಸಲ್ ರಾಕ್ ದಾಟಿದ ಮೇಲೆ

ಆ ಖಾರ ಗೋವಾಕ್ಕೆ ಬರುವುದು ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ. ಹೌರಾ ಕಡೆಯಿಂದ ಹೊರಟು ಗುಂಟೂರು, ಗದಗ, ಹುಬ್ಬಳ್ಳಿ ಮೇಲೆ ಹಾದು ವಾಸ್ಕೋಗೆ ಬರುವ ಈ ಗಾಡಿಯ ದಾರಿಯನ್ನು ನಕಾಶೆಯಲ್ಲಿ ನೋಡಿದರೆ ಮೆಣಸಿನಕಾಯಿಗೆಂದೇ ಹಳಿ ಹಾಕಿದಂತಿದೆ. ನಾನು ಹುಬ್ಬಳ್ಳಿಯಲ್ಲಿ ಹತ್ತುತ್ತೇನೆ. ಸೀಟಿನ ಕೆಳಗಿನ ಚೀಲದ ಪರಿಮಳಕ್ಕೆ ಎದುರಿನವರು ಎರಡು ಬಾರಿ ಸೀನಿದ ಮೇಲೆ ಮಾತು ಶುರುವಾಗುತ್ತದೆ; ಅವರ ಚೀಲದಲ್ಲೂ ಬಹುಮಟ್ಟಿಗೆ ಅದೇ ಇರುತ್ತದೆ. ಕ್ಯಾಸಲ್ ರಾಕ್‌ವರೆಗೆ ಎಲ್ಲವೂ ಸರಿ. ಅಲ್ಲಿಂದ ಘಟ್ಟ ಇಳಿದು, ದೂಧಸಾಗರ ದಾಟಿ, ಕುಳೆಂ ತಲುಪುವಷ್ಟರಲ್ಲಿ ಗಾಳಿ ಬೇರೆಯಾಗಿರುತ್ತದೆ. ಒಮ್ಮೆ ಜೂನ್‌ನಲ್ಲಿ ಬರುವಾಗ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿಯನ್ನು ಲೋಂಡಾದಲ್ಲಿ ಒಂದು ಮುರಿದು ತಿಂದೆ. ಸಾನ್ವೊರ್ಡೆಂ ಹೊತ್ತಿಗೆ ಉಳಿದ ರೊಟ್ಟಿಯನ್ನು ಮಡಚಬಹುದಾಗಿತ್ತು. ನಮ್ಮ ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿಲಿಮೀಟರ್. ಗೋವಾದಲ್ಲಿ ಸುಮಾರು 3000. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಖಾರದ ಡಬ್ಬಿಗೂ ಅದಕ್ಕೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ.

ಮೊದಲ ವರ್ಷದ ಜುಲೈ. ಡಬ್ಬಿ ತೆರೆದು ಚಮಚ ಊರಿದೆ; ಒಳಗೆ ಹೋಗಲಿಲ್ಲ. ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರೆ ಖಾರವೆಲ್ಲ ಒಂದೇ ಮುದ್ದೆಯಾಗಿ, ಡಬ್ಬಿಯ ಆಕಾರವನ್ನೇ ಹೊತ್ತು, ತಟ್ಟೆಯ ಮೇಲೆ ಧಪ್ ಎಂದು ನಿಂತಿತು. ಮೇಲೆ ಕಂದುಗೆಂಪು, ಬದಿಯಲ್ಲಿ ಕೊಬ್ಬರಿ ಚೂರುಗಳಿದ್ದಲ್ಲಿ ಬೂದುಬಣ್ಣದ ಸಣ್ಣ ಕೂದಲು. ಮೂಗಿಗೆ ಮೊದಲು ಮುಗ್ಗಲು, ಆಮೇಲೆ ಕೊಬ್ಬರಿ ಎಣ್ಣೆಯ ಕಮಟು. ಅವ್ವನ ಖಾರದಲ್ಲಿ ಉಪ್ಪಿದೆ, ಬೆಳ್ಳುಳ್ಳಿಯಿದೆ. ಎರಡೂ ಗಾಳಿಯ ತೇವವನ್ನು ಕರೆದು ಕೂರಿಸಿಕೊಳ್ಳುವಂಥವು. ನಾನು ಮೊದಲು ಬೈದದ್ದು ಗಿರಣಿಯವನನ್ನು, ಆಮೇಲೆ ಡಬ್ಬಿಯನ್ನು, ಕೊನೆಗೆ ಹೆಂಡತಿಯ ಹಸಿ ಚಮಚವನ್ನು. ಅವಳು ತಿರುಗಿ ಬೈದದ್ದು ನ್ಯಾಯವಾಗಿಯೇ ಇತ್ತು. ಕುದಿಯುವ ಪಲ್ಯದ ಮೇಲೆ ಡಬ್ಬಿ ಹಿಡಿದು ತಟ್ಟಿ ತಟ್ಟಿ ಖಾರ ಉದುರಿಸುವವನು ನಾನೇ. ಪ್ರತಿ ಸಲ ಒಂದಿಷ್ಟು ಆವಿ ಒಳಗೆ ಹೋಗಿ, ಮುಚ್ಚಳ ಹಾಕಿದ ಮೇಲೆ ಅಲ್ಲೇ ನೀರಾಗುತ್ತಿತ್ತು. ಇನ್ನು ಏಳು ಬಟ್ಟಲಿನ ಆ ದುಂಡು ಒಗ್ಗರಣೆ ಡಬ್ಬಿ ಒಲೆಯ ಮೇಲಿನ ಕಟ್ಟೆಯಲ್ಲೇ ಇತ್ತು. ಎಲ್ಲರ ಮನೆಯಲ್ಲೂ ಅದು ಇರುವುದು ಅಲ್ಲೇ, ಮತ್ತು ಮಸಾಲೆಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ.

ಎರಡನೆಯ ವರ್ಷ ಖಾರವನ್ನು ಫ್ರಿಜ್‌ನಲ್ಲಿಟ್ಟೆವು. ದಿನಕ್ಕೆ ಎರಡು ಸಲ ತೆಗೆದು, ಬಳಸಿ, ಒಳಗಿಟ್ಟು. ತಣ್ಣಗಿನ ಡಬ್ಬಿ ಮಡಗಾಂವಿನ ಗಾಳಿಗೆ ಬಾಯಿ ತೆರೆದರೆ ಏನಾಗುತ್ತದೆ ಎಂದು ಐಸ್ ನೀರಿನ ಲೋಟದ ಹೊರಮೈ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಗೊತ್ತಾಗಲು ಒಂದು ವರ್ಷ, ಮೂರು ಕಿಲೋ ಖಾರ ಬೇಕಾಯಿತು. ಮೂರನೆಯ ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಪಾಟಿನಲ್ಲಿಟ್ಟೆ. ಈ ಸಲ ಬೂಷ್ಟಿಲ್ಲ, ಹುಳ. ಹೆಚ್ಚುಕಡಿಮೆ ಎಳ್ಳುಕಾಳಿನಷ್ಟಿರುವ, ಕಂದು ಬಣ್ಣದ, ತಲೆ ಬಗ್ಗಿಸಿದಂತೆ ಕಾಣುವ ದುಂಡು ಹುಳ. ಅದಕ್ಕೆ ಸಿಗರೇಟ್ ಬೀಟಲ್ ಎಂದು ಹೆಸರು. ದಾಸ್ತಾನಿನ ತಂಬಾಕಿಗೆ ಬೀಳುವ ಪ್ರಾಣಿ. ಮೆಣಸಿನ ಪುಡಿ, ಅರಿಶಿನ, ಕೊತ್ತಂಬರಿ ಎಂದರೂ ಅದಕ್ಕೆ ಅಷ್ಟೇ ಪ್ರೀತಿ. ಪ್ಲಾಸ್ಟಿಕ್ ಚೀಲವನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ. ತಂಬಾಕನ್ನೂ ಗುಂಟೂರು ಖಾರವನ್ನೂ ಜೀರ್ಣಿಸಿಕೊಳ್ಳುವ ಆ ಹೊಟ್ಟೆಯ ಬಗ್ಗೆ ನನಗೆ ಒಳಗೊಳಗೇ ಗೌರವವಿದೆ.

ನಾಲ್ಕನೆಯ ವರ್ಷ ಗಾಜಿನ ಬಾಟಲಿ. ಕಾಣಲು ಚೆಂದ ಎಂದು ಕಿಟಕಿಯ ಪಕ್ಕ ಸಾಲಾಗಿ ಇಟ್ಟೆವು. ಬೂಷ್ಟೂ ಬರಲಿಲ್ಲ, ಹುಳವೂ ಬೀಳಲಿಲ್ಲ. ಆದರೆ ಬೆಳಕಿನ ಕಡೆಯ ಖಾರ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತು. ಅದಕ್ಕಿಂತ ವಿಚಿತ್ರವಾದದ್ದು ಸಾರಿನಲ್ಲಿ ಗೊತ್ತಾಯಿತು. ಘಮ ಬರುತ್ತಿಲ್ಲವೆಂದು ಹೆಂಡತಿ ಇನ್ನೊಂದು ಚಮಚ ಹಾಕಿದಳು, ಆಮೇಲೆ ಇನ್ನರ್ಧ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ಗಾಳಿಗೆ ಹಾರಿಹೋಗುವಂಥದ್ದಲ್ಲ. ಕಾಳುಮೆಣಸಿನ ಪೈಪರಿನ್ ಕೂಡ ಹಾಗೆಯೇ. ಹಾರಿಹೋಗುವುದು ಸುವಾಸನೆಯ ತೈಲಗಳು. ಬೆಳಕಿಗೂ ಗಾಳಿಗೂ ಸಾಯುವುದು ಬಣ್ಣ. ಪುಡಿ ಮಾಡಿದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು, ಹಾಗಾಗಿ ಕಾಳಿಗಿಂತ ಪುಡಿ ಬೇಗ ಸೋಲುತ್ತದೆ. ಹಳೆಯ ಖಾರದಲ್ಲಿ ಉಳಿಯುವುದು ಬರೀ ಉರಿ. ನಾವು ಅವ್ವನ ಕೈರುಚಿ ಎಂದು ಬಡಿಸಿಕೊಳ್ಳುತ್ತಿದ್ದುದು ಅದನ್ನೇ.

ಒಮ್ಮೆ ಧೈರ್ಯ ಮಾಡಿ, ಬೇರೆಯವರ ಮನೆಯ ಸಂಗತಿ ಎಂಬಂತೆ, ‘ಖಾರಕ್ಕೆ ಬೂಷ್ಟು ಬಂದರೆ ಏನು ಮಾಡಬೇಕವ್ವಾ?’ ಎಂದು ಕೇಳಿದ್ದೆ. ‘ಮೇಲಿನದ್ದನ್ನು ತೆಗೆದುಹಾಕಿ ಎರಡು ಬಿಸಿಲು ಕೊಡಬೇಕು’ ಎಂದಳು. ಜುಲೈನ ಮಡಗಾಂವಿನಲ್ಲಿ ಎರಡು ಬಿಸಿಲನ್ನು ಎಲ್ಲಿಂದ ತರಲಿ? ಬಿಸಿಲು ಸಿಕ್ಕಿದರೂ ನಾನು ಅದನ್ನು ತಿನ್ನುವವನಲ್ಲ. ತೇವ ಹಿಡಿದ ಮೆಣಸಿನಕಾಯಿಯಲ್ಲಿ ಬೆಳೆಯುವ ಬೂಷ್ಟುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುವಂಥವೂ ಇವೆ. ಮೇಲಿನ ಕೂದಲು ತೆಗೆದರೆ ಅದು ಹೋಗುವುದಿಲ್ಲ, ಒಗ್ಗರಣೆಯ ಎಣ್ಣೆಯ ಬಿಸಿಗೂ ಬಗ್ಗುವುದಿಲ್ಲ. ಇದನ್ನು ಫೋನಿನಲ್ಲಿ ಅವ್ವನಿಗೆ ವಿವರಿಸುವುದಕ್ಕಿಂತ ಮುಗಿಯಿತು ಎನ್ನುವುದು ಸುಲಭವಾಗಿತ್ತು.

ಕೆಳಮನೆಯ ಆಂಟಿ

ನಾವಿರುವುದು ಮೇಲಿನ ಮನೆಯಲ್ಲಿ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ನಾನು ಪತ್ರಿಕೆಯಲ್ಲಿ ಸುತ್ತಿದ ಗಂಟನ್ನು ಕಸದ ಡಬ್ಬಿಗೆ ಹಾಕುವುದನ್ನು ಅವರು ಒಂದು ಬೆಳಗ್ಗೆ ಮನೆಯ ಮುಂಜಗಲಿಯಾದ ಬಾಲ್ಕಾವ್‌ನ ಕಟ್ಟೆಯಲ್ಲಿ ಕುಳಿತು ನೋಡಿಬಿಟ್ಟರು. ವಾಸನೆಯೇ ಎಲ್ಲ ಹೇಳಿರಬೇಕು. ‘ಬಾಬ, ಜೂನ್ ಬಂದರೆ ಇಲ್ಲಿ ನನ್ನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ನಿನ್ನ ಮಸಾಲೆ ಯಾವ ಲೆಕ್ಕ?’ ಎಂದು ಕೊಂಕಣಿಯಲ್ಲಿ ನಕ್ಕರು. ಒಳಗೆ ಕರೆದು ಕಪಾಟು ತೆರೆದು ತೋರಿಸಿದರು.

ಗೋವಾದವರಿಗೆ ಮಳೆಗಾಲದ ದಾಸ್ತಾನೆಂದರೆ ‘ಪುರುಮೆಂತ್’. ಪೋರ್ಚುಗೀಸಿನ ಪ್ರೊವಿಮೆಂಟೊ ಎಂಬ ಪದದಿಂದ ಬಂದದ್ದು. ಬೇಸಿಗೆಯ ಕೊನೆಗೆ ಮಡಗಾಂವಿನ ಹೋಲಿ ಸ್ಪಿರಿಟ್ ಚರ್ಚಿನ ಹಬ್ಬದ ಹೊತ್ತಿಗೆ ಇದಕ್ಕೆಂದೇ ಸಂತೆ ಸೇರುತ್ತದೆ. ಮೆಣಸಿನಕಾಯಿ, ಒಣಮೀನು, ಹುಣಸೆ, ಉಳ್ಳಾಗಡ್ಡಿಯ ಗೊಂಚಲು, ಕೋಕಂ ಸಿಪ್ಪೆ. ನಾನು ಏಳು ವರ್ಷ ಆ ಸಂತೆಯಲ್ಲಿ ಓಡಾಡಿದ್ದೆ, ಫೋಟೊ ತೆಗೆದಿದ್ದೆ. ಕೊಂಡದ್ದನ್ನು ಇವರು ಮನೆಗೆ ಒಯ್ದು ಏನು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಆಂಟಿಯ ಕಪಾಟಿನಲ್ಲಿ ಪುಡಿ ಎಂಬುದೇ ಇರಲಿಲ್ಲ. ಹುಣಸೆಗೆ ಉಪ್ಪು ಬೆರೆಸಿ ಉಂಡೆ ಕಟ್ಟಿದ್ದರು. ಕೋಕಂ ಉಪ್ಪಿನಲ್ಲಿ ಕಪ್ಪಗೆ ಒದ್ದೊದ್ದೆಯಾಗಿ ಮಲಗಿತ್ತು. ಮೆಣಸಿನಕಾಯಿ ಇಡಿಯಾಗಿ, ತೊಟ್ಟಿನ ಸಮೇತ, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ಪಕ್ಕದ ಬಾಟಲಿಯಲ್ಲಿ ತಿರ್ಫಳ, ಒಡೆದ ಕಾಳುಮೆಣಸಿನಂತೆ ಕಾಣುವ, ಕಿತ್ತಳೆ ಸಿಪ್ಪೆಯ ವಾಸನೆಯ, ನಾಲಿಗೆ ಜುಮ್ಮೆನ್ನಿಸುವ ಕಾಯಿ. ಮತ್ತು ಫ್ರಿಜ್‌ನಲ್ಲಿ ಒಂದು ಗಾಜಿನ ಬಾಟಲಿ, ಅದರಲ್ಲಿ ರಕ್ತದಂಥ ಕೆಂಪು ಮಸಾಲೆ: ರೆಶಾದ್. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ ಎಲ್ಲವನ್ನೂ ಒಂದು ಹನಿ ನೀರು ಸೋಕಿಸದೆ, ತೆಂಗಿನ ಕಳ್ಳಿನ ವಿನೆಗರ್‌ನಲ್ಲೇ ನೆನೆಸಿ ಅದರಲ್ಲೇ ರುಬ್ಬಿದ್ದು. ಬಂಗುಡೆಯ ಹೊಟ್ಟೆಗೆ ತುಂಬಿ ಹುರಿಯಲು. ಕಳೆದ ವರ್ಷ ಮಾಡಿದ್ದು ಎಂದರು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

ನಾನು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತೆ. ನಮ್ಮ ಬಯಲುಸೀಮೆಯವರು ನೀರನ್ನು ಓಡಿಸುತ್ತೇವೆ: ಬಿಸಿಲು, ಹುರಿಯುವುದು, ಗುದ್ದಿ ತುಂಬುವುದು. ಅದಕ್ಕೆ ನಮ್ಮ ಗಾಳಿಯೂ ಕೈಜೋಡಿಸುತ್ತದೆ. ಇಲ್ಲಿ ಓಡಿಸಿದ ನೀರು ಕಿಟಕಿಯಿಂದ ವಾಪಸು ಬರುತ್ತದೆ. ಹಾಗಾಗಿ ಇವರು ಅದರ ಜೊತೆ ಜಗಳವಾಡುವುದಿಲ್ಲ. ಹುಳಿಯಲ್ಲೋ ಉಪ್ಪಿನಲ್ಲೋ ಮುಳುಗಿಸಿ, ಬೂಷ್ಟು ಕಾಲಿಡದಂತೆ ಮಾಡಿಬಿಡುತ್ತಾರೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ ಯಾವ ಕಾಲದಲ್ಲೋ ಘಟ್ಟ ಹತ್ತಿ ನಮ್ಮ ಎರೆ ಹೊಲಕ್ಕೆ ಬಂತು. ಅಲ್ಲಿ ಅದು ಒಣಗುವುದನ್ನು ಕಲಿಯಿತು. ನಾನು ಅದನ್ನು ಮತ್ತೆ ಘಟ್ಟ ಇಳಿಸಿ, ಒಣಗಿದ್ದ ಹಾಗೆಯೇ ಇರು ಎಂದು ಹಠ ಹಿಡಿದಿದ್ದೆ.

(ಸೊಪ್ಪಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಕೊತ್ತಂಬರಿ ಸೊಪ್ಪು ಇಲ್ಲಿಗೆ ಬೆಳಗಾವಿ ಕಡೆಯಿಂದ ಬರುತ್ತದೆ, ದಾರಿಯಲ್ಲೇ ಅರ್ಧ ಸುಸ್ತಾಗಿರುತ್ತದೆ. ತೊಳೆಯದೆ, ಬೇರು ಕತ್ತರಿಸಿ, ಪತ್ರಿಕೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ. ಕರಿಬೇವು ಮಾತ್ರ ಆಂಟಿಯ ಹಿತ್ತಲಿನ ಗಿಡದಲ್ಲೇ ಇರಲಿ. ಅದಕ್ಕಿಂತ ಒಳ್ಳೆಯ ಡಬ್ಬಿ ನನಗೆ ಸಿಕ್ಕಿಲ್ಲ.)

ಅವ್ವ ಬಂದ ಜುಲೈ

ಕಳೆದ ವರ್ಷ ಅಕ್ಕನ ಮಗನ ಪರೀಕ್ಷೆಯ ನೆಪದಲ್ಲಿ ಅವ್ವ ಮಳೆಗಾಲದಲ್ಲೇ ಮಡಗಾಂವಿಗೆ ಬಂದಳು. ಏಳು ವರ್ಷಗಳಲ್ಲಿ ಮೊದಲ ಸಲ. ಅದುವರೆಗೆ ಬಂದಾಗಲೆಲ್ಲ ದೀಪಾವಳಿ ಕಳೆದ ಮೇಲೆ, ಆಕಾಶ ತಿಳಿಯಾದ ಮೇಲೆ ಬಂದಿದ್ದಳು. ಐದು ಕಿಲೋದ ಡಬ್ಬಿಯನ್ನು ಎಲ್ಲಿ ಅಡಗಿಸಲಿ? ಎರಡನೆಯ ದಿನವೇ ತೆರೆದಳು. ಚಮಚದಿಂದ ಒಂದು ಹೆಂಟೆ ಮೀಟಿ, ಮೂಸಿ, ಮುಚ್ಚಳ ಹಾಕಿದಳು. ಪಕ್ಕದಲ್ಲಿದ್ದ ಬಿಡಿ ಮೆಣಸಿನಕಾಯಿಯ ಪೊಟ್ಟಣದಿಂದ ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಆಮೇಲೆ ಇನ್ನೊಂದು. ಮುರಿಯಲು ನೋಡಿದಳು, ಅದು ಬೆರಳಿಗೆ ಸುತ್ತಿಕೊಂಡಿತು. ಹೊರಗೆ ಧೋ ಎಂದು ಸುರಿಯುತ್ತಿತ್ತು. ‘ಪ್ರತಿ ವರ್ಷ ಹೀಗೆಯೇ?’ ಎಂದು ಕೇಳಿದಳು. ಹೌದು ಎಂದೆ. ‘ಹೇಳಬಾರದಿತ್ತೇ? ಅಕ್ಕನ ಮನೆಯವರಾದರೂ ತಿನ್ನುತ್ತಿದ್ದರು’ ಎಂದಳು. ಅಷ್ಟೇ.

ಸಂಜೆ ಆಂಟಿಯ ಮನೆಗೆ ಕರೆದುಕೊಂಡು ಹೋದೆ. ಅವ್ವನಿಗೆ ಕೊಂಕಣಿ ಬಾರದು, ಆಂಟಿಗೆ ಕನ್ನಡ ಬಾರದು. ಒಂದೊಂದೇ ಬಾಟಲಿಯನ್ನು ಇವರು ಎತ್ತಿ ಕೊಡುವುದು, ಅವಳು ಮೂಸಿ ತಲೆಯಾಡಿಸುವುದು. ತಿರ್ಫಳವನ್ನು ಬಾಯಿಗೆ ಹಾಕಿಕೊಂಡು, ನಾಲಿಗೆ ಮರಗಟ್ಟಿ, ಇಬ್ಬರೂ ನಕ್ಕರು. ಕೆಂಪು ಮಸಾಲೆಯನ್ನು ಬೆರಳ ತುದಿಯಿಂದ ನೆಕ್ಕಿ, ‘ಇದು ನಮ್ಮ ರಂಜಕದ ತಂಗಿ’ ಎಂದಳು. ನನಗೆ ಇದು ಹೊಳೆದೇ ಇರಲಿಲ್ಲ. ಹಣ್ಣು ಮೆಣಸಿನಕಾಯಿಗೆ ಉಪ್ಪು, ಹುಳಿ ಹಾಕಿ ಹಸಿಯಾಗಿ ರುಬ್ಬಿಡುವ ರಂಜಕ ನಮ್ಮ ಮನೆಯಲ್ಲೂ ಇತ್ತಲ್ಲ! ‘ಹುಳಿ ಯಾವುದು ಹಾಕಿದ್ದಾರೆ?’ ಎಂದು ಕೇಳಿದಳು. ಕಳ್ಳಿನದ್ದು ಎಂದರೆ ಬಾಯಿ ತೊಳೆದುಕೊಂಡಾಳು. ‘ತೆಂಗಿನಮರದ್ದು’ ಎಂದೆ. ಅದು ಸುಳ್ಳಲ್ಲ.

ಬ್ಯಾಡಗಿಯ ವ್ಯಾಪಾರಿಗಳೇ ಬಣ್ಣ ಕೆಡಬಾರದೆಂದು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿ ಇಡುತ್ತಾರೆ ಎಂದು ಹೇಳಿದ ಮೇಲೆ ಫ್ರಿಜ್‌ನ ವಿಷಯದಲ್ಲಿ ಅವ್ವ ಮೆತ್ತಗಾದಳು. ಈ ವರ್ಷ ಅಮರಾವತಿಯಲ್ಲಿ ಖಾರ ಬರಲಿಲ್ಲ. ತುಂಬು ಬಿಡಿಸದ ಇಡೀ ಮೆಣಸಿನಕಾಯಿ ಒಂದು ಕಿಲೋ, ಕೊತ್ತಂಬರಿ ಬೀಜ, ಉಳಿದ ಸಾಮಾನುಗಳ ಸಣ್ಣ ಪೊಟ್ಟಣಗಳು ಬಂದವು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಹಾಕಿ, ತಳಕ್ಕೆ ಹುರಿದ ಅಕ್ಕಿಯ ಗಂಟು ಇಟ್ಟು, ಫ್ರಿಜ್‌ಗೆ. ಎರಡು ವಾರಕ್ಕೊಮ್ಮೆ ಡಬ್ಬಿ ಹೊರಗಿಟ್ಟು, ಅದರ ತಣ್ಣನೆ ಪೂರ್ತಿ ಹೋದ ಮೇಲೆ ಮುಚ್ಚಳ ತೆರೆದು, ಬೇಕಾದಷ್ಟನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ಒಂದು ಜಾಮ್ ಬಾಟಲಿಯಷ್ಟು ಪುಡಿ ಮಾಡುತ್ತೇನೆ. ಕೊಬ್ಬರಿ, ಬೆಳ್ಳುಳ್ಳಿ ಅಡುಗೆಯ ಹೊತ್ತಿಗೆ. ಅವ್ವನ ಖಾರದ ಹಾಗೆ ಆಗುವುದಿಲ್ಲ. ಗಿರಣಿಯ ಕುಟ್ಟುವಿಕೆಗೆ ಬರುವ ಆ ಎಣ್ಣೆಪಸೆ ಮಿಕ್ಸಿಗೆ ಬರುವುದಿಲ್ಲ. ಆದರೆ ಸಾರಿಗೆ ಒಂದೇ ಚಮಚ ಸಾಕಾಗುತ್ತಿದೆ.

ಮೊನ್ನೆ ಫೋನು ಬಂತು. ಮಳೆ, ಶಾಲೆ, ಮಂಡಿನೋವು. ಇಡುವ ಮೊದಲು ಖಾರ ಎಷ್ಟಿದೆ ಎಂದು ಕೇಳಲಿಲ್ಲ. ‘ಒಂದು ಕಾಯಿ ತೆಗೆದುಕೊಂಡು ಬಾ’ ಎಂದಳು. ತಂದೆ. ಮೊಬೈಲಿನ ಹತ್ತಿರ ಹಿಡಿದು ಅಲ್ಲಾಡಿಸಿದೆ.

‘ಮಳೆಯ ಸದ್ದೇ ಕೇಳುತ್ತಿದೆ. ಕಿಟಕಿ ಹಾಕಿ ಇನ್ನೊಮ್ಮೆ ಅಲ್ಲಾಡಿಸು’ ಎಂದಳು.